ರಿಪೀಟರ್‌ಗೆ ಕಿವಿ ಮೊದಲು

ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಶುರುಮಾಡಿದಾಗ ಅವರ ಕೈಯಲ್ಲಿದ್ದದ್ದು 30 ವ್ಯಾಟಿನ ಒಂದು ಟ್ರಾನ್ಸ್‌ಮಿಟರ್. ಪ್ರಸಾರ ನಿಲಯ ಮಾತಾಡಿದರೆ ಸಾಕು, ಕೇಳುವ ಹೊಣೆ ಮನೆಮನೆಯ ಸೆಟ್ಟಿನದು. ಇವತ್ತು ಹವ್ಯಾಸಿ ರೇಡಿಯೊದವರು, ನಾವೆಲ್ಲ ಹ್ಯಾಮ್‌ಗಳೆಂದು ಕರೆಯುವವರು, ಬೆಟ್ಟದ ಮೇಲೆ ನಿಲ್ಲಿಸುವ ರಿಪೀಟರ್‌ ಕೂಡ ಹೆಚ್ಚುಕಡಿಮೆ ಅಷ್ಟೇ ವ್ಯಾಟಿನದು. ಆದರೆ ಅದರ ಕೆಲಸವೇ ಬೇರೆ. ಕಣಿವೆಯಲ್ಲಿ ನಿಂತ ಒಬ್ಬರ ಕೈಯಲ್ಲಿರುವ ಪುಟ್ಟ ಸೆಟ್ಟಿನ ಕ್ಷೀಣ ದನಿಯನ್ನು ಅದು ಮೊದಲು ಹಿಡಿಯಬೇಕು. ಹಿಡಿದದ್ದನ್ನು ಆ ಕ್ಷಣವೇ ಇನ್ನೊಂದು ತರಂಗಾಂತರದಲ್ಲಿ ಎತ್ತಿ ಹೇಳಬೇಕು. ಹೇಳುತ್ತಿರುವಾಗಲೂ ಕೇಳುವುದನ್ನು ನಿಲ್ಲಿಸುವಂತಿಲ್ಲ. ರಿಪೀಟರ್ ಹಾಕಲು ಹೊರಟ ಕ್ಲಬ್ಬಿನಲ್ಲಿ ಮೊದಲು ಏಳುವ ಪ್ರಶ್ನೆ ಸಾಮಾನ್ಯವಾಗಿ ಯಾವ ಕಂಪನಿಯ ಸೆಟ್, ಎಷ್ಟು ವ್ಯಾಟ್ ಎಂಬುದು. ಈ ಪ್ರಶ್ನೆ ಕೊನೆಗೆ ಬರಬೇಕಾದದ್ದು ಎಂಬುದು ನನ್ನ ವಾದ. ಜಾಗ, ಆಂಟೆನಾ, ಕೇಬಲ್, ಡ್ಯೂಪ್ಲೆಕ್ಸರ್, ಬ್ಯಾಟರಿ, ಇವಕ್ಕೆ ಹಣ ತೆಗೆದಿಟ್ಟ ಮೇಲೆ ಉಳಿದದ್ದರಲ್ಲಿ ಸೆಟ್ ಕೊಳ್ಳಬೇಕು. ಯಾಕೆ ಹೀಗೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ದೊರೆತಿರುವ ಎರಡು ಮೀಟರ್ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್‌ವರೆಗಿನದು. ಈ ಅಲೆಗಳು ಬಹುಮಟ್ಟಿಗೆ ಕಣ್ಣಿಗೆ ಕಾಣುವಷ್ಟು ದೂರಕ್ಕೆ, ಅದಕ್ಕಿಂತ ತುಸು ಆಚೆಗೆ ಸಾಗುತ್ತವೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ. ನೆಲದ ಮೇಲೆ ನಿಂತವರ ಕೈಯಲ್ಲಿರುವ ಹ್ಯಾಂಡಿ ಸೆಟ್‌ಗೆ ಈ ದಿಗಂತ ಸುಮಾರು 5 ಕಿಲೋಮೀಟರ್. ಮೂವತ್ತು ಮೀಟರ್ ಕಂಬಕ್ಕೆ ಸುಮಾರು 22.5. ನಂದಿಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1478 ಮೀಟರ್, ಸುತ್ತಲಿನ ಬಯಲು 900ರ ಆಸುಪಾಸು. ಹಾಗಾಗಿ ಬಯಲಿನಿಂದ 580 ಮೀಟರ್ ಎತ್ತರದ ಅಂಥ ತಾಣದ ದಿಗಂತ ನೂರು ಕಿಲೋಮೀಟರಿಗೆ ಹತ್ತಿರ. 30 ಮೀಟರ್ ಕಂಬದಲ್ಲಿರುವ ಸೆಟ್ಟಿಗೆ ಸಾವಿರ ವ್ಯಾಟ್ ತುಂಬಿದರೂ ಈ ಹರವು ಬರುವುದಿಲ್ಲ, ಏಕೆಂದರೆ ಅಡ್ಡ ನಿಂತಿರುವುದು ಭೂಮಿಯ ಉಬ್ಬು. ಆದ್ದರಿಂದ ರಿಪೀಟರಿನ ಮೊದಲ ಉಪಕರಣ ಬೆಟ್ಟ. ಅಲ್ಲಿ ಒಂದು ಕೊಠಡಿ, ಒಂದು ಕಂಬ, ಮಳೆಗಾಲದಲ್ಲೂ ಹೋಗಿಬರಬಹುದಾದ ದಾರಿ, ಜಾಗದ ಒಡೆಯರ ಲಿಖಿತ ಒಪ್ಪಿಗೆ ಇಷ್ಟು ದಕ್ಕಿದ ಮೇಲೆಯೇ ಉಳಿದ ಮಾತು.

ಬೆಟ್ಟ ಹತ್ತಿಸಿದ್ದಾಯಿತು. ಈಗ ವ್ಯಾಟ್‌ಗಳ ವಿಚಾರ. ಕೈಸೆಟ್ಟಿನ ಶಕ್ತಿ ಸಾಮಾನ್ಯವಾಗಿ 5 ವ್ಯಾಟ್. ಅದರ ರಬ್ಬರ್ ಆಂಟೆನಾ ಗಿಡ್ಡ, ಹಿಡಿದವರ ಮೈಯೇ ಒಂದಷ್ಟನ್ನು ನುಂಗುತ್ತದೆ. ಹಾಗಾಗಿ ಆ ಐದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಡುವ ಮೊದಲೇ ಸೋರಿಹೋಗಿರುತ್ತದೆ. ಬೆಟ್ಟದ ಮೇಲೆ 50 ವ್ಯಾಟಿನ ಟ್ರಾನ್ಸ್‌ಮಿಟರ್ ಇದ್ದರೆ ಕೆಳಗಿನವರಿಗೆ ರಿಪೀಟರ್ ಚೆನ್ನಾಗಿಯೇ ಕೇಳಿಸುತ್ತದೆ, ಆದರೆ ಅವರ ಉತ್ತರ ಮೇಲಕ್ಕೆ ಮುಟ್ಟುವುದಿಲ್ಲ. ಹೋಗುವ ದಾರಿ, ಬರುವ ದಾರಿ ಎರಡಕ್ಕೂ ಬೆಟ್ಟ ಅದೇ, ಕಣಿವೆ ಅದೇ, ನಷ್ಟವೂ ಅದೇ. ವ್ಯತ್ಯಾಸವಿರುವುದು ಎರಡು ತುದಿಯ ಶಕ್ತಿಯಲ್ಲಿ ಮತ್ತು ಎರಡು ತುದಿಯ ಕಿವಿಯಲ್ಲಿ. ಕೆಳಗಿನವರ ಐದು ವ್ಯಾಟನ್ನು ಹೆಚ್ಚಿಸುವುದು ನಮ್ಮ ಕೈಯಲ್ಲಿಲ್ಲ. ಮೇಲಿನ ಕಿವಿಯನ್ನು ಚುರುಕು ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ. ಇನ್ನು 25 ವ್ಯಾಟನ್ನು 50ಕ್ಕೆ ಏರಿಸಿದರೆ ದೊರೆಯುವ ಲಾಭ 3 ಡೆಸಿಬೆಲ್. ಹ್ಯಾಮ್‌ಗಳು ಸಂಕೇತದ ಬಲವನ್ನು ಅಳೆಯುವ ಎಸ್ ಮಾನದಲ್ಲಿ ಒಂದು ಮೆಟ್ಟಿಲು 6 ಡೆಸಿಬೆಲ್, ಅಂದರೆ ಇದು ಅರ್ಧ ಮೆಟ್ಟಿಲು. ಈ ಅರ್ಧ ಮೆಟ್ಟಿಲಿಗೆ ಬ್ಯಾಟರಿ ಎಷ್ಟು ಬೆಲೆ ತೆರುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಕಿವಿಗೆ ದೊಡ್ಡ ಶತ್ರು ಪಕ್ಕದಲ್ಲೇ ಕೂತಿರುವ ತನ್ನದೇ ಬಾಯಿ. ಎರಡು ಮೀಟರ್ ಬ್ಯಾಂಡಿನ ರಿಪೀಟರ್ ಕೇಳುವ ಮತ್ತು ಹೇಳುವ ತರಂಗಾಂತರಗಳ ನಡುವೆ ರೂಢಿಯಲ್ಲಿರುವ ಅಂತರ 600 ಕಿಲೊಹರ್ಟ್ಸ್. 145 ಮೆಗಾಹರ್ಟ್ಸ್‌ನ ಮುಂದೆ ಇದು ಶೇಕಡಾ ಅರ್ಧವೂ ಅಲ್ಲ. ಒಳ್ಳೆಯ ರಿಸೀವರ್ 0.2 ಮೈಕ್ರೊವೋಲ್ಟಿನಷ್ಟು ಸಣ್ಣ ಸಂಕೇತವನ್ನು ಹಿಡಿಯುತ್ತದೆ. ಅದೇ ಆಂಟೆನಾಕ್ಕೆ, ಅದೇ ಹೊತ್ತಿನಲ್ಲಿ ಟ್ರಾನ್ಸ್‌ಮಿಟರ್ 25 ವ್ಯಾಟ್ ಸುರಿಯುತ್ತಿರುತ್ತದೆ. ಈ ಎರಡರ ಅನುಪಾತ 165 ಡೆಸಿಬೆಲ್, ಅಂದರೆ ಒಂದಕ್ಕೆ ಮುನ್ನೂರು ಕೋಟಿ ಕೋಟಿ. ದೇವಸ್ಥಾನದ ನಗಾರಿಯನ್ನು ಬಾರಿಸುತ್ತ ನಿಂತವರು ಆಚೆ ಬೀದಿಯ ಪಿಸುಮಾತನ್ನು ತಪ್ಪಿಲ್ಲದೆ ಒಪ್ಪಿಸಬೇಕೆಂದರೆ ಹೇಗೋ ಹಾಗೆ. ತೊಂದರೆ ಎರಡು ಕಡೆಯಿಂದ ಬರುತ್ತದೆ. ಟ್ರಾನ್ಸ್‌ಮಿಟರಿನ ಬಲವಾದ ಸಂಕೇತ ರಿಸೀವರಿನ ಮೊದಲ ಹಂತವನ್ನೇ ಮಂಕಾಗಿಸುವುದು ಒಂದು. ಯಾವ ಟ್ರಾನ್ಸ್‌ಮಿಟರೂ ತನ್ನ ತರಂಗಾಂತರದಲ್ಲಿ ಮಾತ್ರ ಹೊಮ್ಮದೆ ಅಕ್ಕಪಕ್ಕಕ್ಕೂ ಸಣ್ಣ ಗದ್ದಲವನ್ನು ಚೆಲ್ಲುತ್ತದೆ, ಆ ಗದ್ದಲ ರಿಸೀವರಿನ ತರಂಗಾಂತರದ ಮೇಲೆಯೇ ಬಂದು ಬೀಳುವುದು ಇನ್ನೊಂದು. ಮೊದಲನೆಯದನ್ನು ರಿಸೀವರಿನ ಮುಂದೆ ತಡೆಯಬಹುದು. ಎರಡನೆಯದನ್ನು ರಿಸೀವರಿನ ಬಳಿ ಏನು ಮಾಡಿದರೂ ತಡೆಯಲಾಗದು, ಏಕೆಂದರೆ ಅದು ನಮಗೆ ಬೇಕಾದ ಸಂಕೇತದ ಜಾಗದಲ್ಲೇ ಕೂತಿರುತ್ತದೆ. ಅದನ್ನು ಟ್ರಾನ್ಸ್‌ಮಿಟರಿನ ಬಾಗಿಲಲ್ಲೇ ಸೋಸಬೇಕು. ಈ ಎರಡೂ ಕೆಲಸಕ್ಕೆ ಇರುವ ಸಾಧನವೇ ಡ್ಯೂಪ್ಲೆಕ್ಸರ್.

ರಿಪೀಟರಿನ ಭಾಗಗಳಲ್ಲಿ ಇಷ್ಟು ಸರಳವಾಗಿ ಕಾಣುವ, ಇಷ್ಟು ಸೂಕ್ಷ್ಮವಾದ ವಸ್ತು ಇನ್ನೊಂದಿಲ್ಲ. ಎರಡು ಮೀಟರ್ ಬ್ಯಾಂಡಿನ ಡ್ಯೂಪ್ಲೆಕ್ಸರ್ ಎಂದರೆ ಸಾಮಾನ್ಯವಾಗಿ ಆರು ಲೋಹದ ಡಬ್ಬಿಗಳು. ಮೂರು ಟ್ರಾನ್ಸ್‌ಮಿಟರ್ ಕಡೆಗೆ, ಮೂರು ರಿಸೀವರ್ ಕಡೆಗೆ. ಇವಕ್ಕೆ ಕ್ಯಾವಿಟಿ ಎನ್ನುತ್ತಾರೆ. ಒಳಗೆ ಟ್ರಾನ್ಸಿಸ್ಟರ್ ಇಲ್ಲ, ಕರೆಂಟ್ ಬೇಡ. ನಡುವೆ ಇಳಿಬಿಟ್ಟ ಒಂದು ಕೊಳವೆ ಮಾತ್ರ. ಅಲೆಯ ಉದ್ದದ ನಾಲ್ಕನೆಯ ಒಂದು ಭಾಗ, ಅಂದರೆ ಸುಮಾರು 52 ಸೆಂಟಿಮೀಟರ್ ಉದ್ದಕ್ಕೆ ಆ ಕೊಳವೆಯನ್ನು ಹೊಂದಿಸಿದಾಗ ಡಬ್ಬಿ ಒಂದು ತರಂಗಾಂತರವನ್ನು ಬಿಟ್ಟುಕೊಂಡು ಇನ್ನೊಂದನ್ನು ತಡೆಯುತ್ತದೆ. ಮೇಲೆ ಚಾಚಿರುವ ತಿರುಪಿನ ಸಲಾಕೆಯನ್ನು ಕಾಲು ಸುತ್ತು ತಿರುಗಿಸಿದರೂ ಶ್ರುತಿ ತಪ್ಪುತ್ತದೆ. ಈ ಸಲಾಕೆ ಯಾವ ಲೋಹದ್ದು ಎಂದು ಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು. ಬೆಟ್ಟದ ಕೊಠಡಿಯಲ್ಲಿ ಡಿಸೆಂಬರಿನ ಬೆಳಗಿನ 10 ಡಿಗ್ರಿಯಿಂದ ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿಯವರೆಗೆ ಬಿಸಿ ಏರುತ್ತದೆಂದುಕೊಳ್ಳಿ. ಒಳಗಿನ ಉದ್ದವನ್ನು ಬರೀ ತಾಮ್ರವೇ ನಿರ್ಧರಿಸುತ್ತಿದ್ದರೆ ಆ 30 ಡಿಗ್ರಿಯಲ್ಲಿ ಅದು ಕಾಲು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಕಣ್ಣಿಗೆ ಕಾಣದ ಆ ಹಿಗ್ಗಿಗೆ ಶ್ರುತಿ 70 ಕಿಲೊಹರ್ಟ್ಸ್‌ಗೂ ಮೀರಿ ಜಾರುತ್ತದೆ. ತಡೆಯಬೇಕಾದ ತರಂಗಾಂತರ ತಡೆಯ ಅಂಚಿಗೆ ಸರಿದು, ಚಳಿಗಾಲದಲ್ಲಿ ಚೆನ್ನಾಗಿದ್ದ ರಿಪೀಟರ್ ಬೇಸಿಗೆಯಲ್ಲಿ ಕಿವುಡಾಗುತ್ತದೆ. ಇನ್ವಾರ್ ಎಂಬ ಮಿಶ್ರಲೋಹದಲ್ಲಿ ಕಬ್ಬಿಣದ ಜೊತೆ ಶೇಕಡಾ 36ರಷ್ಟು ನಿಕ್ಕಲ್ ಇರುತ್ತದೆ. 1896ರಲ್ಲಿ ಶಾರ್ಲ್ ಎದುವಾರ್ ಗಿಯೋಮ್ ಅದನ್ನು ಕಂಡುಹಿಡಿದರು, ನಿಖರ ಅಳತೆಗೆ ನೆರವಾದ ಆ ಕೆಲಸಕ್ಕೆ 1920ರಲ್ಲಿ ನೊಬೆಲ್ ಬಂತು. ಅದು ಬಿಸಿಗೆ ಹಿಗ್ಗುವುದು ತಾಮ್ರ ಹಿಗ್ಗುವುದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಇನ್ವಾರ್ ಸಲಾಕೆಯಿದ್ದರೆ ಅದೇ 30 ಡಿಗ್ರಿಗೆ ಶ್ರುತಿ ಜಾರುವುದು ಸುಮಾರು 5 ಕಿಲೊಹರ್ಟ್ಸ್ ಮಾತ್ರ. ಗಡಿಯಾರದ ಲೋಲಕಕ್ಕೆ ಬಳಸಿದ ಲೋಹ ನಮ್ಮ ಬೆಟ್ಟದ ಕೊಠಡಿಯಲ್ಲಿ ಹೀಗೆ ಕೆಲಸಕ್ಕೆ ಬರುತ್ತದೆ.

ಡ್ಯೂಪ್ಲೆಕ್ಸರ್ ದುಬಾರಿ, ಭಾರ, ಸುಲಭವಾಗಿ ಸಿಗುವುದಿಲ್ಲ ಎಂಬುದು ನಿಜ. ಅದಿಲ್ಲದೆ ಎರಡು ಬೇರೆ ಆಂಟೆನಾ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಅಗತ್ಯವಿರುವ ಪ್ರತ್ಯೇಕತೆ, ಸೆಟ್ಟಿನ ಗುಣವನ್ನು ನೋಡಿಕೊಂಡು, 80ರಿಂದ 90 ಡೆಸಿಬೆಲ್. ತೊಂಬತ್ತು ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು ಮಾತ್ರ ದಾಟಬೇಕು. ಒಂದೇ ಕಂಬದಲ್ಲಿ ಒಂದರ ನೆತ್ತಿಯ ಮೇಲೆ ಇನ್ನೊಂದರಂತೆ 15 ಮೀಟರ್ ಅಂತರದಲ್ಲಿ ಎರಡು ಆಂಟೆನಾ ಕಟ್ಟಿದರೆ ಸಿಗುವುದು ಸುಮಾರು 60 ಡೆಸಿಬೆಲ್. ನೆಲದುದ್ದಕ್ಕೆ ದೂರ ಮಾಡುತ್ತ ಹೋದರೆ ಒಂದು ಕಿಲೋಮೀಟರಿಗೆ 75. ಹಾಗಾಗಿ ಎತ್ತರದ ಗೋಪುರ ಈಗಾಗಲೇ ಇದ್ದವರಿಗೆ ಎರಡು ಆಂಟೆನಾ ಮತ್ತು ಸಣ್ಣ ಸೋಸುಕಗಳ ಜೋಡಿ ಸರಿಹೋಗಬಹುದು. ಇಲ್ಲದವರಿಗೆ ಗೋಪುರದ ಖರ್ಚು ಡ್ಯೂಪ್ಲೆಕ್ಸರಿನ ಖರ್ಚನ್ನು ಎಂದೋ ದಾಟಿರುತ್ತದೆ. ಮಾರುಕಟ್ಟೆಯಲ್ಲಿ ಅಂಗೈ ಅಗಲದ ಅಗ್ಗದ ಡ್ಯೂಪ್ಲೆಕ್ಸರ್‌ಗಳೂ ಸಿಗುತ್ತವೆ. ಅವನ್ನು ಮಾಡಿರುವುದು 4.5 ಅಥವಾ 5 ಮೆಗಾಹರ್ಟ್ಸ್ ಅಂತರ ಇಟ್ಟುಕೊಳ್ಳುವ ವಾಣಿಜ್ಯ ಜಾಲಗಳಿಗಾಗಿ. 600 ಕಿಲೊಹರ್ಟ್ಸ್ ಕೊಟ್ಟರೆ ಅವು ಎರಡನ್ನೂ ಬೇರೆ ಮಾಡಲಾರವು. ಇನ್ನೊಂದು ಸಲಹೆ 434ರಿಂದ 438 ಮೆಗಾಹರ್ಟ್ಸ್‌ನ ಮೇಲಿನ ಬ್ಯಾಂಡಿಗೆ ಹೋಗುವುದು. ಅಲ್ಲಿ ಕ್ಯಾವಿಟಿಯ ಉದ್ದ 17 ಸೆಂಟಿಮೀಟರಿಗೆ ಇಳಿಯುತ್ತದೆ, ಅಂತರವನ್ನೂ ಹೆಚ್ಚು ಇಟ್ಟುಕೊಳ್ಳಬಹುದು, ಬೆಂಗಳೂರಿನಂಥ ಊರಿನ ಕಟ್ಟಡಗಳ ನಡುವೆ ಅದು ಚೆನ್ನಾಗಿಯೇ ನುಗ್ಗುತ್ತದೆ. ನಗರದ ಕ್ಲಬ್ಬಿಗೆ ಇದನ್ನು ನಾನು ಒಪ್ಪುತ್ತೇನೆ. ಮಲೆನಾಡಿಗೆ ಒಪ್ಪುವುದಿಲ್ಲ. ಮಳೆಯಲ್ಲಿ ತೊಯ್ದ ದಟ್ಟ ಕಾಡು ಆ ಸಣ್ಣ ಅಲೆಗಳನ್ನು ಹೆಚ್ಚು ನುಂಗುತ್ತದೆ, ಗುಡ್ಡದ ಮರೆಗೂ ಅವು ಕಡಿಮೆ ಬಾಗುತ್ತವೆ.

ಕೇಬಲ್ ವಿಚಾರದಲ್ಲಿ ಮಾಡುವ ಉಳಿತಾಯದಷ್ಟು ದುಬಾರಿಯಾದದ್ದು ಬೇರೊಂದಿಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ತೆಳ್ಳನೆಯ ಆರ್‌ಜಿ-58 ಕೇಬಲನ್ನು 30 ಮೀಟರ್ ಎಳೆದರೆ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 6 ಡೆಸಿಬೆಲ್ ನಷ್ಟ. ಬೆಟ್ಟ ಹತ್ತಿ ಬಂದ ಸಂಕೇತದ ಕಾಲು ಭಾಗ ಮಾತ್ರ ರಿಸೀವರ್ ತಲುಪುತ್ತದೆ. ಕೆಳಗೆ ನಿಂತವರ 5 ವ್ಯಾಟನ್ನು ನಾವೇ ಒಂದೂಕಾಲು ವ್ಯಾಟ್ ಮಾಡಿದಂತೆ. ದಪ್ಪ ಆರ್‌ಜಿ-213ರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಉಳಿಯುತ್ತದೆ. ಹೀಲಿಯಾಕ್ಸ್ ಎಂದು ಕರೆಯುವ, ಏರಿಳಿತದ ತಾಮ್ರದ ಹೊರಕವಚವಿರುವ ಅರ್ಧ ಅಂಗುಲದ ಕೇಬಲಿನಲ್ಲಿ ಹತ್ತರಲ್ಲಿ ಎಂಟು ಪಾಲು ಉಳಿಯುತ್ತದೆ. ಎಲ್‌ಎಂಆರ್-400 ಎಂಬ ಕೇಬಲನ್ನು ಹಲವರು ಮೆಚ್ಚುತ್ತಾರೆ. ಅದರ ನಷ್ಟ ಕಡಿಮೆಯೇ, ಮನೆಯ ಸೆಟ್ಟಿಗೆ ಅದು ಒಳ್ಳೆಯದೇ. ಆದರೆ ಅದರ ಕವಚ ಅಲ್ಯೂಮಿನಿಯಂ ಹಾಳೆಯ ಮೇಲೆ ತವರ ಲೇಪಿಸಿದ ತಾಮ್ರದ ಜಾಲರಿ. ಗಾಳಿಗೆ ಅಲುಗಾಡುತ್ತ ಈ ಎರಡು ಲೋಹಗಳು ಉಜ್ಜಿಕೊಂಡಾಗ ಅಲ್ಲೇ ಗರಗರ ಸದ್ದು ಹುಟ್ಟುತ್ತದೆ. ಒಂದೇ ಕೇಬಲಿನಲ್ಲಿ ಹೇಳುವುದೂ ಕೇಳುವುದೂ ಒಟ್ಟಿಗೆ ನಡೆಯದ ಕಡೆ ಇದು ಗೊತ್ತೇ ಆಗುವುದಿಲ್ಲ. ರಿಪೀಟರಿನಲ್ಲಿ ತಕ್ಷಣ ಗೊತ್ತಾಗುತ್ತದೆ. ಕ್ಯಾವಿಟಿಗಳ ನಡುವಿನ ಗೇಣುದ್ದದ ತುಂಡುಗಳಿಗೂ ಎರಡು ಪದರ ಬೆಳ್ಳಿ ಲೇಪದ ಜಾಲರಿಯ ಆರ್‌ಜಿ-214ರಂಥದ್ದೇ ಆಗಬೇಕು, ತುದಿಗಳಿಗೆ ಎನ್ ಮಾದರಿಯ ಕನೆಕ್ಟರ್ ಆಗಬೇಕು. ಒಂದು ಪದರದ ಜಾಲರಿಯ ಕಿಂಡಿಗಳಿಂದ ಸೋರುವ ಶಕ್ತಿಯೇ ಡ್ಯೂಪ್ಲೆಕ್ಸರ್ ಮಾಡಿದ ಕೆಲಸವನ್ನು ಕೆಡಿಸಲು ಸಾಕು.

ಆಂಟೆನಾಕ್ಕೂ ಇದೇ ನಿಯಮ. ಫೈಬರ್ ಕೊಳವೆಯೊಳಗೆ ತುಂಡು ತುಂಡು ತಂತಿಗಳನ್ನು ಬೆಸುಗೆ ಹಾಕಿ ಕೂಡಿಸಿದ ಅಗ್ಗದ ಲಂಬ ಆಂಟೆನಾ ಹೊಸದರಲ್ಲಿ ಚೆನ್ನಾಗಿರುತ್ತದೆ. ಎರಡು ಮಳೆಗಾಲ ಕಳೆದು ಒಂದು ಬೆಸುಗೆ ಬಿರುಕುಬಿಟ್ಟರೆ ಗಾಳಿ ಬೀಸಿದಾಗಲೆಲ್ಲ ಗರಗರ. ಕಂಬದ ಪಕ್ಕಕ್ಕೆ ನಾಲ್ಕು ಮಡಿಕೆ ಡೈಪೋಲ್‌ಗಳನ್ನು ಒಂದರ ಮೇಲೊಂದು ಕಟ್ಟುವ ಮಾದರಿ ನೋಡಲು ಒಡ್ಡಾದರೂ ರಿಪೀಟರಿಗೆ ಅದೇ ಮೇಲು. ಅದರ ಲೋಹದ ಭಾಗಗಳೆಲ್ಲ ಕಂಬಕ್ಕೆ ನೇರವಾಗಿ ಕೂಡಿಕೊಂಡಿರುವುದರಿಂದ ಸಿಡಿಲಿನ ಕಾಲದಲ್ಲೂ ಅದು ಕ್ಷೇಮಕರ. ಹೆಚ್ಚು ಗಳಿಕೆಯ ಆಂಟೆನಾ ಕೊಂಡಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಬೆಟ್ಟದ ಮೇಲೆ ಸುಳ್ಳಾಗುತ್ತದೆ. ಗಳಿಕೆ ಹೆಚ್ಚಿದಷ್ಟೂ ಆಂಟೆನಾ ತನ್ನ ನೋಟವನ್ನು ದಿಗಂತದ ಕಡೆಗೆ ಕಿರಿದು ಮಾಡಿಕೊಳ್ಳುತ್ತದೆ. ಬಯಲಿನಿಂದ 580 ಮೀಟರ್ ಎತ್ತರದಲ್ಲಿ ನಿಂತು 5 ಕಿಲೋಮೀಟರ್ ದೂರದ ಊರನ್ನು ನೋಡಬೇಕಾದರೆ ದಿಗಂತದಿಂದ ಆರೂವರೆ ಡಿಗ್ರಿ ಕೆಳಗೆ ನೋಡಬೇಕು. ನಾಲ್ಕು ಡೈಪೋಲ್‌ಗಳ ಸಾಲಿಗೆ ಆ ಊರು ಇನ್ನೂ ಕಾಣುತ್ತದೆ. ಅದರ ಎರಡರಷ್ಟು ಉದ್ದದ ಸಾಲಿಗೆ ಕಾಣುವುದಿಲ್ಲ. ದೂರದ ಜಿಲ್ಲೆಗೆ ಕೇಳಿಸಿ, ಬೆಟ್ಟದ ಬುಡದ ಊರಿಗೆ ಕೇಳಿಸದ ರಿಪೀಟರ್ ಹೀಗೆ ಹುಟ್ಟುತ್ತದೆ.

ಈಗ ಸೆಟ್ಟಿಗೆ ಬರೋಣ. ಎರಡು ಅಗ್ಗದ ಕೈಸೆಟ್ಟುಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ, ನಡುವೆ ಒಂದು ತಂತಿ ಕೊಟ್ಟರೆ ರಿಪೀಟರ್ ಆಗುವುದಿಲ್ಲವೇ ಎಂಬ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಹೊಸಬರಿಗೆ ತತ್ತ್ವ ತಿಳಿಯಲು, ಒಂದು ದಿನದ ಸೈಕಲ್ ಸ್ಪರ್ಧೆಗೋ ಜಾತ್ರೆಗೋ ಅದು ಸಾಕು. ವರ್ಷವಿಡೀ ನಿಲ್ಲಬೇಕಾದ ಕೇಂದ್ರಕ್ಕೆ ಆಗದು. ಆ ಸೆಟ್ಟುಗಳಲ್ಲಿ ಇಡೀ ರಿಸೀವರ್ ಒಂದೇ ಚಿಪ್ಪಿನೊಳಗಿರುತ್ತದೆ. ಅದರ ಮುಂಬಾಗಿಲು ಹಗಲೂ ರಾತ್ರಿ ಎಲ್ಲರಿಗೂ ತೆರೆದೇ ಇರುತ್ತದೆ, ಬಲವಾದ ಸಂಕೇತ ಯಾವ ದಿಕ್ಕಿನಿಂದ ಬಂದರೂ ಕಂಗೆಡುತ್ತದೆ. ಟ್ರಾನ್ಸ್‌ಮಿಟರ್ ಕೆಲವೇ ನಿಮಿಷದಲ್ಲಿ ಕಾದುಹೋಗುತ್ತದೆ. ಕಾರಿನಲ್ಲಿ ಕೂರಿಸುವ 50 ವ್ಯಾಟಿನ ಸೆಟ್ಟೂ ಸಹ ನಡುನಡುವೆ ಮಾತಾಡಿ ಸುಮ್ಮನಾಗುವ ಒಬ್ಬ ವ್ಯಕ್ತಿಗಾಗಿ ಮಾಡಿದ್ದು. ಹತ್ತು ಜನ ಸರದಿಯಲ್ಲಿ ಮಾತಾಡುವಾಗ ರಿಪೀಟರಿಗೆ ಆ ಬಿಡುವು ಸಿಗುವುದಿಲ್ಲ. ಆದ್ದರಿಂದ ನಿರಂತರ ದುಡಿಮೆಗೆ ಎಷ್ಟು ವ್ಯಾಟ್ ಎಂದು ತಯಾರಕರು ಬರೆದಿರುವುದನ್ನು ಓದಬೇಕು, ಗರಿಷ್ಠ ಎಷ್ಟು ಎಂಬುದನ್ನಲ್ಲ. 25 ವ್ಯಾಟ್ ಹೊರಕ್ಕೆ ಕೊಡುವ ಸೆಟ್ ಸುಮಾರು 80 ವ್ಯಾಟ್ ಒಳಕ್ಕೆ ಎಳೆಯುತ್ತದೆ. ಉಳಿದ 55 ಬಿಸಿಯಾಗಿ ಕೊಠಡಿಯಲ್ಲೇ ಉಳಿಯುತ್ತದೆ.

ನನ್ನ ಆಯ್ಕೆ, ಬಳಸಿದ ವಾಣಿಜ್ಯ ರಿಪೀಟರ್. ಟ್ಯಾಕ್ಸಿ, ಕಾರ್ಖಾನೆ, ಪೊಲೀಸ್ ಜಾಲಗಳಿಗಾಗಿ ತಯಾರಾದ ಇಂಥ ಸೆಟ್ಟುಗಳಲ್ಲಿ ರಿಸೀವರಿನ ಮುಂದೆ ಬಿಗಿಯಾದ ಸೋಸುಕ ಇರುತ್ತದೆ, ಬಿಸಿ ಹೊರಹಾಕಲು ದೊಡ್ಡ ರೆಕ್ಕೆಗಳಿರುತ್ತವೆ, ಬಿಚ್ಚಿ ರಿಪೇರಿ ಮಾಡಲು ಕೈಪಿಡಿ ಇರುತ್ತದೆ. ಹಳೆಯದನ್ನು ಯಾಕೆ ಕೊಳ್ಳಬೇಕು ಎನ್ನುವವರಿಗೆ ಅಮೆರಿಕದ ಹ್ಯಾಮ್‌ಗಳ ಚರಿತ್ರೆಯೇ ಉತ್ತರ. 1960ರ ದಶಕದಲ್ಲಿ ಅಲ್ಲಿ ವಾಣಿಜ್ಯ ಜಾಲಗಳು ಕಿರಿದಾದ ಚಾನೆಲ್‌ಗಳಿಗೆ ಬದಲಾದಾಗ ಹೊರಬಿದ್ದ ಸೆಟ್ಟುಗಳಿಂದಲೇ ಹವ್ಯಾಸಿ ಎಫ್‌ಎಂ ರಿಪೀಟರ್‌ಗಳ ಯುಗ ಬೆಳೆಯಿತು. 2013ರ ಜನವರಿ 1ರಿಂದ ಚಾನೆಲ್‌ಗಳನ್ನು ಮತ್ತೆ ಕಿರಿದುಗೊಳಿಸಿದಾಗ ಇನ್ನೊಂದು ಸಲ ಹೀಗೇ ಆಯಿತು. ಜನರಲ್ ಎಲೆಕ್ಟ್ರಿಕ್ 1970ರ ದಶಕದಲ್ಲಿ ತಯಾರಿಸಿದ ಮಾಸ್ಟರ್ ಟು ಎಂಬ ಸೆಟ್ಟನ್ನು ಅಲ್ಲಿನ ಕ್ಲಬ್ಬುಗಳು ದಶಕಗಳ ನಂತರವೂ ಬೆಟ್ಟಗಳ ಮೇಲೆ ದುಡಿಸಿವೆ. ಹಳತಿನ ಮೋಹ ಇದಕ್ಕೆ ಕಾರಣವಲ್ಲ. ಅದರ ತರಂಗಾಂತರ ಹುಟ್ಟುವುದು ಕ್ವಾರ್ಟ್ಜ್ ಹರಳಿನಿಂದ. ಹೊಸ ಅಗ್ಗದ ಸೆಟ್ಟುಗಳ ಸಿಂಥಸೈಜರಿಗಿಂತ ಅದು ಅಕ್ಕಪಕ್ಕಕ್ಕೆ ಚೆಲ್ಲುವ ಗದ್ದಲ ಬಹಳ ಕಡಿಮೆ. ಆ ಗದ್ದಲವನ್ನು ರಿಸೀವರಿನ ಬಳಿ ತಡೆಯಲಾಗದು ಎಂದು ಮೊದಲೇ ಹೇಳಿದೆನಲ್ಲ, ಅದು ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಕಿವಿ ಚುರುಕಾಗಬೇಕೆಂದರೆ ರಿಸೀವರಿನ ಮುಂದೆ ಒಂದು ಪ್ರಿಆಂಪ್ಲಿಫೈಯರ್ ಹಾಕಿಬಿಡೋಣ ಎನ್ನುವುದು ಇದಕ್ಕೆ ಹತ್ತಿರದ ಇನ್ನೊಂದು ವಾದ. ಜನವಸತಿ ಇಲ್ಲದ ಶಾಂತ ಬೆಟ್ಟದಲ್ಲಿ ಇದು ನಿಜಕ್ಕೂ ನೆರವಾಗುತ್ತದೆ. ಆದರೆ ನಮ್ಮ ಒಳ್ಳೆಯ ಬೆಟ್ಟಗಳ ಮೇಲೆ ಬೇರೆಯವರೂ ಇದ್ದಾರೆ. 88ರಿಂದ 108 ಮೆಗಾಹರ್ಟ್ಸ್‌ನ ಎಫ್‌ಎಂ ಪ್ರಸಾರ, ಮೊಬೈಲ್ ಗೋಪುರ, ಪೊಲೀಸ್ ವೈರ್‌ಲೆಸ್, ಎಲ್ಲರಿಗೂ ಬೇಕಾದದ್ದು ಅದೇ ಎತ್ತರ. ಪ್ರಿಆಂಪ್ಲಿಫೈಯರ್ ನಮ್ಮ ಸಂಕೇತದ ಜೊತೆ ಅವರೆಲ್ಲರ ಸಂಕೇತವನ್ನೂ ಹಿಗ್ಗಿಸುತ್ತದೆ, ಅವು ಒಂದಕ್ಕೊಂದು ಬೆರೆತು ಇಲ್ಲದ ಸಂಕೇತಗಳನ್ನು ಹುಟ್ಟಿಸುತ್ತವೆ. ಅಂಥ ಕಡೆ ಮೊದಲು ಇನ್ನೊಂದು ಕ್ಯಾವಿಟಿ ಸೋಸುಕ, ಆಮೇಲೆ ಬೇಕಿದ್ದರೆ ಪ್ರಿಆಂಪ್ಲಿಫೈಯರ್. 88.5 ಹರ್ಟ್ಸ್‌ನಂಥ, ಸೆಟ್ಟು ಸ್ಪೀಕರಿಗೆ ಬಿಡದ ಟೋನ್ ಇದ್ದರೆ ಮಾತ್ರ ರಿಪೀಟರ್ ತೆರೆಯುವಂತೆ ಮಾಡುವುದು ಒಳ್ಳೆಯ ಅಭ್ಯಾಸ, ಗದ್ದಲಕ್ಕೆಲ್ಲ ಅದು ಎದ್ದು ಕೂರುವುದು ತಪ್ಪುತ್ತದೆ. ಆದರೆ ಟೋನ್ ಗದ್ದಲವನ್ನು ಮರೆಮಾಡುತ್ತದೆ, ತೆಗೆಯುವುದಿಲ್ಲ. ಗದ್ದಲದಡಿ ಮುಳುಗಿದ ದನಿ ಟೋನ್ ಇದ್ದರೂ ಮುಳುಗಿಯೇ ಇರುತ್ತದೆ.

ಇಷ್ಟೆಲ್ಲ ಅನಲಾಗ್ ಎಫ್‌ಎಂ ಬಗ್ಗೆ ಏಕೆ, ಕಾಲ ಡಿಜಿಟಲ್ ಆಗಿಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಯುರೋಪಿನ ಡಿಎಂಆರ್ ಮಾನದಂಡದಲ್ಲಿ 12.5 ಕಿಲೊಹರ್ಟ್ಸ್ ಅಗಲದ ಒಂದೇ ಚಾನೆಲನ್ನು ಕಾಲದಲ್ಲಿ ಸೀಳಿ ಎರಡು ಮಾತುಕತೆ ನಡೆಸಬಹುದು, ಕೈಸೆಟ್ ಅರ್ಧ ಕಾಲ ಮಾತ್ರ ಪ್ರಸಾರ ಮಾಡುವುದರಿಂದ ಅದರ ಬ್ಯಾಟರಿಯೂ ಬಾಳುತ್ತದೆ. ಜಪಾನಿನ ಡಿ-ಸ್ಟಾರ್ ಇದೆ, ಯಾಯೆಸು ಕಂಪನಿಯ ಫ್ಯೂಷನ್ ಇದೆ. ತೊಡಕು ಇರುವುದೂ ಅಲ್ಲೇ, ಒಂದರ ಸೆಟ್ ಇನ್ನೊಂದರ ಜೊತೆ ಮಾತಾಡದು. ಪ್ರವಾಹದ ದಿನ ಮೂರು ಊರಿನ ಹ್ಯಾಮ್‌ಗಳು ಮೂರು ಬಗೆಯ ಸೆಟ್ ಹಿಡಿದು ಬಂದರೆ ಎಲ್ಲರಲ್ಲೂ ಸಮಾನವಾಗಿರುವುದು ಎಫ್‌ಎಂ ಒಂದೇ. ಇಂಟರ್‌ನೆಟ್ ಮೂಲಕ ರಿಪೀಟರ್‌ಗಳನ್ನು ಬೆಸೆಯುವ ಅನುಕೂಲವೂ ಆ ದಿನವೇ ಕೈಕೊಡುತ್ತದೆ. ಮೊದಲ ರಿಪೀಟರ್ ಎಫ್‌ಎಂ ಇರಲಿ, ಎರಡೂ ಬಲ್ಲ ಸೆಟ್ ಸಿಕ್ಕರೆ ಇನ್ನೂ ಒಳ್ಳೆಯದು. ಗಮನಿಸಬೇಕಾದ ಸಂಗತಿ ಬೇರೆ. ಡಿಜಿಟಲ್ ಸಂಕೇತಕ್ಕೂ ಅದೇ ಬೆಟ್ಟ, ಅದೇ ಆಂಟೆನಾ, ಅದೇ ಡ್ಯೂಪ್ಲೆಕ್ಸರ್. ಕಿವಿಗೆ ಹಾಕಿದ ಹಣ ಸೆಟ್ ಬದಲಾದರೂ ವ್ಯರ್ಥವಾಗುವುದಿಲ್ಲ, ಸೆಟ್ಟಿಗೆ ಹಾಕಿದ ಹಣ ಹತ್ತು ವರ್ಷದಲ್ಲಿ ಹಳತಾಗುತ್ತದೆ.

ವಿದ್ಯುತ್ತಿಗೆ ಬರೋಣ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ರಸ್ತೆಗಳೂ ಕರೆಂಟೂ ಒಟ್ಟಿಗೆ ಹೋದವು. ರಿಪೀಟರ್ ಬೇಕಾಗುವುದು ಅಂಥ ಹೊತ್ತಿನಲ್ಲೇ. 25 ವ್ಯಾಟಿನ ರಿಪೀಟರ್ ಸುಮ್ಮನೆ ಕೇಳುತ್ತಿರುವಾಗ ಸುಮಾರು ಅರ್ಧ ಆಂಪಿಯರ್, ಮಾತಾಡುವಾಗ 6 ಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಳ್ಳಿ. ಕಾಲದ ಕಾಲು ಭಾಗ ಮಾತು ನಡೆದರೆ ದಿನಕ್ಕೆ 45 ಆಂಪಿಯರ್-ಅವರ್. ಮನೆಗಳ ಇನ್ವರ್ಟರಿಗೆ ಹಾಕುವ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದೆ ಬಳಸಿದರೆ 40 ಗಂಟೆ ಬರುತ್ತದೆ. ಅದೇ ಬ್ಯಾಟರಿಗೆ 50 ವ್ಯಾಟಿನ ಸೆಟ್ ಜೋಡಿಸಿ. ಮಾತಿನ ವೇಳೆ 11 ಆಂಪಿಯರ್ ಎಳೆಯುತ್ತದೆ, 24 ಗಂಟೆಗೆ ಬ್ಯಾಟರಿ ಮುಗಿಯುತ್ತದೆ. ಅರ್ಧ ಎಸ್ ಮೆಟ್ಟಿಲಿಗಾಗಿ ಒಂದು ಇಡೀ ರಾತ್ರಿಯನ್ನು ಕಳೆದುಕೊಂಡಂತೆ. ಬ್ಯಾಟರಿಯೇ ಆಯುಷ್ಯ ಎಂಬುದಕ್ಕೆ ಇಸ್ರೊ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್ಟಿನಲ್ಲಿ ಹಾರಿಸಿದ ಹ್ಯಾಮ್‌ಸ್ಯಾಟ್ ಸಾಕ್ಷಿ. ಹ್ಯಾಮ್‌ಗಳ ಮಾತನ್ನು 435 ಮೆಗಾಹರ್ಟ್ಸ್‌ನಲ್ಲಿ ಹಿಡಿದು 145ರಲ್ಲಿ ಮರಳಿಸುತ್ತಿದ್ದ, 42.5 ಕಿಲೋಗ್ರಾಂ ತೂಕದ ಆ ಉಪಗ್ರಹ ಒಂಬತ್ತು ವರ್ಷ ಭೂಮಿಯನ್ನು ಸುತ್ತುತ್ತ ದುಡಿಯಿತು. 2014ರ ಜುಲೈನಲ್ಲಿ ಅದು ಮೌನವಾದದ್ದು ಬ್ಯಾಟರಿ ಕೈಕೊಟ್ಟದ್ದರಿಂದ. ಸೌರ ಫಲಕ ಹಾಕುವವರು ಇನ್ನೊಂದನ್ನು ನೋಡಬೇಕು. ಅಗ್ಗದ ಚಾರ್ಜ್ ಕಂಟ್ರೋಲರ್‌ಗಳೂ ಸ್ವಿಚಿಂಗ್ ಪವರ್ ಸಪ್ಲೈಗಳೂ ತಾವೇ ಎರಡು ಮೀಟರ್ ಬ್ಯಾಂಡಿನಲ್ಲಿ ಗದ್ದಲ ಎಬ್ಬಿಸುತ್ತವೆ. ಅವನ್ನು ಕೊಂಡ ದಿನವೇ ರಿಸೀವರಿನ ಪಕ್ಕದಲ್ಲಿಟ್ಟು ಕೇಳಬೇಕು.

ಸಿಡಿಲಿನ ಬಗ್ಗೆ ಒಂದು ಮಾತು. ಕೇಬಲ್ ಕೊಠಡಿ ಹೊಗುವಲ್ಲಿ ಗ್ಯಾಸ್ ತುಂಬಿದ ಅರೆಸ್ಟರ್ ಬೇಕು. ಕಂಬ, ಕೇಬಲ್, ಸೆಟ್, ಕರೆಂಟ್ ಎಲ್ಲಕ್ಕೂ ಒಂದೇ ಕಡೆ ಸೇರುವ ಅರ್ಥಿಂಗ್ ಬೇಕು. ಬಂಡೆಯ ನೆತ್ತಿಯಲ್ಲಿ ಒಂದು ಸಲಾಕೆ ಹೊಡೆದು ಸುಮ್ಮನಾದರೆ ಸಾಲದು, ಮಣ್ಣು ಸಿಗುವವರೆಗೆ ತಾಮ್ರದ ಪಟ್ಟಿಯನ್ನು ಹಲವು ದಿಕ್ಕಿಗೆ ಎಳೆಯಬೇಕು. ರಿಪೀಟರನ್ನು ನಡೆಸುವ ಕಂಟ್ರೋಲರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೂರು ನಿಮಿಷ ಮೀರಿದರೆ ತಾನೇ ನಿಲ್ಲುವ, ಕರೆಸಂಕೇತವನ್ನು ಮೋರ್ಸಿನಲ್ಲಿ ಸಾರುವ, ದೂರದಿಂದ ಆರಿಸಲು ಬರುವ ಸರಳವಾದದ್ದು ಸಾಕು.

ಇಷ್ಟು ಹಣ ಸಣ್ಣ ಕ್ಲಬ್ಬಿಗೆ ಎಲ್ಲಿಂದ ಬರಬೇಕು ಎಂಬುದು ಉಳಿದಿರುವ ಕೊನೆಯ ಆಕ್ಷೇಪ, ಅದು ನ್ಯಾಯವಾದದ್ದೂ ಹೌದು. ಒಟ್ಟಿಗೆ ಕೊಳ್ಳಬೇಕಿಲ್ಲ. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದಿಂದ ಅನುಮತಿ ಮತ್ತು ತರಂಗಾಂತರ ಜೋಡಿ ಮೊದಲು ಬರಲಿ, ಏಕೆಂದರೆ ಡ್ಯೂಪ್ಲೆಕ್ಸರಿಗೆ ಶ್ರುತಿ ಮಾಡುವುದು ಆ ಜೋಡಿಗೇ. 145.8 ಮೆಗಾಹರ್ಟ್ಸ್‌ನಿಂದ ಮೇಲಿನದು ಉಪಗ್ರಹಗಳ ಪಾಲು, ಅದನ್ನು ಕೋರಬಾರದು. ಆಮೇಲೆ ಡ್ಯೂಪ್ಲೆಕ್ಸರ್, ಕೇಬಲ್, ಆಂಟೆನಾ. ಕೈಯಲ್ಲಿ ಹಣ ಉಳಿಯದಿದ್ದರೆ ಬಳಸಿದ ಎರಡು ವಾಣಿಜ್ಯ ಸೆಟ್ಟುಗಳನ್ನು 10 ವ್ಯಾಟಿಗೆ ಇಳಿಸಿ ಜೋಡಿಸಿದರೂ ಬೆಟ್ಟದಿಂದ ಜಿಲ್ಲೆಗೆ ಕೇಳಿಸುತ್ತದೆ. ಡ್ಯೂಪ್ಲೆಕ್ಸರ್ ಮಾರುವವರಿಗೆ ಹಣ ಕೊಡುವ ಮೊದಲು ಒಂದು ಪರೀಕ್ಷೆಯನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು. ಆಂಟೆನಾದ ಜಾಗದಲ್ಲಿ, ಶಕ್ತಿಯನ್ನು ಹೊರಸೂಸದೆ ನುಂಗುವ ಡಮ್ಮಿ ಲೋಡ್ ಇಟ್ಟು, ಸಿಗ್ನಲ್ ಜನರೇಟರಿನಿಂದ ಮಾತು ಕೇವಲ ಅರ್ಥವಾಗುವಷ್ಟು ಕ್ಷೀಣ ಸಂಕೇತವನ್ನು ಒಳಗೆ ಬಿಡಬೇಕು. ಟ್ರಾನ್ಸ್‌ಮಿಟರ್ ಆರಿಸಿ ಒಮ್ಮೆ ಕೇಳಬೇಕು, ಪೂರ್ತಿ ಶಕ್ತಿಯಲ್ಲಿ ಹೊತ್ತಿಸಿ ಇನ್ನೊಮ್ಮೆ ಕೇಳಬೇಕು. ಎರಡನೆಯ ಸಲ ಅದೇ ಸ್ಪಷ್ಟತೆ ಬರಲು ಸಂಕೇತವನ್ನು ಒಂದು ಡೆಸಿಬೆಲ್‌ಗಿಂತ ಹೆಚ್ಚು ಏರಿಸಬೇಕಾಗಿ ಬಂದರೆ ಶ್ರುತಿ ಸರಿಯಿಲ್ಲ, ಇಲ್ಲವೇ ಸೆಟ್ ಗದ್ದಲದ್ದು. ಅಲ್ಲಿ ತೇರ್ಗಡೆಯಾದ ಮೇಲೆ ಬೆಟ್ಟದ ಆಂಟೆನಾಕ್ಕೆ ಜೋಡಿಸಿ ಮತ್ತೆ ಅದನ್ನೇ ಮಾಡಬೇಕು. ಡಮ್ಮಿ ಲೋಡಿನಲ್ಲಿ ಸರಿಯಿದ್ದು ಆಂಟೆನಾದಲ್ಲಿ ಕೆಟ್ಟರೆ ಡ್ಯೂಪ್ಲೆಕ್ಸರನ್ನು ಮುಟ್ಟಬೇಡಿ. ಕಂಬ ಹತ್ತಿ, ತುಕ್ಕು ಹಿಡಿದ ಬೋಲ್ಟು, ಸಡಿಲವಾದ ಬಿಗಿತಂತಿ, ನೀರು ಇಳಿದ ಕನೆಕ್ಟರ್, ಇವುಗಳನ್ನು ಒಂದೊಂದಾಗಿ ನೋಡಿಕೊಂಡು ಇಳಿಯಿರಿ.